ಅಂಗೈಗೆ ಸಿಗದ ನೆಗ್ಗು

ಇವತ್ತಿಗೂ ಯಾರಾದರೂ ಹುಣಸೆಹುಳಿ ಹಾಕಿ ತಾಮ್ರ ಬೆಳಗುವ ವಾಸನೆ ಬಂದರೆ ನನಗೆ ಉಸಿರು ಕಟ್ಟುತ್ತದೆ.

ಕಡೂರಿನಲ್ಲಿ ಅಪ್ಪ ತಾಮ್ರದ ಬಿಂದಿಗೆಗಳ ನೆಗ್ಗು ತೆಗೆದು, ಬೆಳಗಿ ಕೊಡುತ್ತಿದ್ದ. ನೆಗ್ಗು ತೆಗೆದ ಮೇಲೆ ನಾನು ಕಣ್ಣು ಮುಚ್ಚಿ ಅಂಗೈ ಆಡಿಸಬೇಕಿತ್ತು. ನೆಗ್ಗಿದ್ದ ಜಾಗ ನನಗೆ ಸಿಕ್ಕಿತೆಂದರೆ ಕೆಲಸ ಇನ್ನೂ ಮುಗಿದಿಲ್ಲವೆಂದೇ ಲೆಕ್ಕ.

ಆ ಮಧ್ಯಾಹ್ನ ಸಾಹುಕಾರರ ಮೋಟಾರು ನಮ್ಮ ಬಾಗಿಲಿಗೆ ಬಂದು ನಿಂತಿತು. ಮುಂದಿನ ಮಡ್‌ಗಾರ್ಡಿನಲ್ಲಿ ಊಟದ ತಟ್ಟೆಯಷ್ಟು ಅಗಲದ ನೆಗ್ಗು.

“ಎಮ್ಮೆದೊಡ್ಡಿ ಕಾವಲ್ ತಾವ ಹೋರಿ ಅಡ್ಡ ಬಂದ್ಬಿಡ್ತು. ಬಣ್ಣ ಮುಕ್ಕಾಗ್ಬಾರ್ದು ಕಣಯ್ಯ,” ಎಂದ ಡ್ರೈವರ್.

ಅಪ್ಪ ಕೆಳಗೆ ತೂರಿಕೊಂಡು, ಬಟ್ಟೆ ಸುತ್ತಿದ ಮರದ ಕೊಡತಿಯಿಂದ ಒಳಗಿನಿಂದಲೇ ಮೆಲ್ಲಗೆ ತಟ್ಟುತ್ತಾ ಬಂದ. ಬಿಸಿಲು ಇಳಿಯುವ ಹೊತ್ತಿಗೆ ಆ ಕಪ್ಪು ಬಣ್ಣದಲ್ಲಿ ನನ್ನ ಮುಖ ಸೊಟ್ಟಗಾಗದೆ ಕಂಡಿತು.

“ಎಲ್ಲಿತ್ತು ಹೇಳವ್ವ, ನೋಡಾನ,” ಎಂದ ಅಪ್ಪ. ಅಂಗೈ ಆಡಿಸಿದೆ. ಸಿಗಲಿಲ್ಲ. ಅಪ್ಪ ನಕ್ಕ.

ಅಷ್ಟರಲ್ಲಿ ಪಟೇಲರನ್ನು ಕರೆದುಕೊಂಡು ಒಬ್ಬ ಹೆಂಗಸು ಓಡಿಬಂದಳು. ಅವಳ ಸೆರಗಿನಲ್ಲಿ ರಕ್ತ ಒಣಗಿತ್ತು.

“ಇದೇ ಮೋಟಾರು ಕಣ್ರೀ ನನ್ ಗಂಡನ್ನ ಕೊಂದಿದ್ದು! ಇಲ್ಲೇ ನೆಗ್ಗಿತ್ತು, ಕಣ್ಣಾರೆ ನೋಡಿದೀನಿ!”

ಪಟೇಲರು ಬಗ್ಗಿ ನೋಡಿದರು. “ಎಲ್ಲಮ್ಮಾ? ಒಂದು ಗೀರೂ ಇಲ್ವಲ್ಲ.”

ಅವಳು ಥೇಟು ನನ್ನ ಹಾಗೆಯೇ ಅಂಗೈ ಆಡಿಸಿದಳು. ಮತ್ತೆ ಮತ್ತೆ ಆಡಿಸಿದಳು. ಡ್ರೈವರ್ ಅಪ್ಪನನ್ನೇ ದಿಟ್ಟಿಸುತ್ತಿದ್ದ.

“ಅಲ್ಲೇ ಇತ್ತು, ನಮ್ಮಪ್ಪ...” ಎಂದು ನಾನು ಬಾಯಿ ತೆರೆದೆ.

ಹಿಂದಿನಿಂದ ಬಂದ ಅಂಗೈ ನನ್ನ ಬಾಯಿ ಮುಚ್ಚಿತು. ಅದರಿಂದ ಹುಣಸೆಹುಳಿಯ ವಾಸನೆ ಬರುತ್ತಿತ್ತು.