ದೊಡ್ಡಪ್ಪನ ಸೇಬಿನ ಬ್ರಾಂದಿ

ಕೊಳೆಯತೊಡಗಿದ ಸೇಬಿನ ವಾಸನೆ ಬಂದರೆ ಈಗಲೂ ನನಗೆ ದೊಡ್ಡಪ್ಪನ ಕಾಲ್ವಡೋಸ್ ಬಾಟಲಿ ನೆನಪಾಗುತ್ತದೆ. ಎಂಬತ್ತರ ದಶಕದ ಒಂದು ಮಧ್ಯಾಹ್ನ, ಅಮೆರಿಕದ ಸಾಂಟಾ ಕ್ಲಾರಾದ ಅವರ ಮನೆಯಲ್ಲಿ ನಾನು ಕೆಮ್ಮುತ್ತಿದ್ದೆ. ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿ, "ಒಂದು ಚಮಚ ಬ್ರಾಂದಿ ಕೊಡಪಾ, ಜೇನುತುಪ್ಪದಾಗ ಕಲಸಿ ಕೂಸಿಗೆ ಕುಡಸ್ತೀನಿ," ಎಂದಳು.

"ಇದು ಔಷಧ ಅಲ್ಲವ್ವಾ. ಫ್ರಾನ್ಸಿನ ನಾರ್ಮಂಡಿದು. ಸೇಬಿನ ರಸ ಹುಳಿಸಿ, ಭಟ್ಟಿ ಇಳಿಸಿ, ವರ್ಷಗಟ್ಟಲೆ ಓಕ್ ಪೀಪಾಯಿಯೊಳಗ ಇಟ್ಟಿರ್ತಾರ," ಎಂದು ಪ್ರವಚನ ಕೊಟ್ಟು ದೊಡ್ಡಪ್ಪ ಬಾಟಲಿಯನ್ನು ಎದೆಗವಚಿಕೊಂಡರು.

ಸಂಜೆ ಅವರ ಅಮೆರಿಕನ್ ಬಾಸ್ ಬಂದ. ದೊಡ್ಡಪ್ಪ ನಡು ಬಗ್ಗಿಸಿ ಸುರಿದುಕೊಟ್ಟರು. ಆತ ಒಂದು ಗುಟುಕು ಕುಡಿದು, ಮುಖ ಕಿವುಚಿ, ಗ್ಲಾಸನ್ನು ಅಲ್ಲೇ ಬಿಟ್ಟು ಹೋದ. ಆ ಗ್ಲಾಸಿನಲ್ಲಿ ಉಳಿದದ್ದನ್ನು ದೊಡ್ಡಪ್ಪ ಕಣ್ಣು ಮುಚ್ಚಿ ಹೀರಿದರು, ಒಂದು ಹನಿಯನ್ನೂ ಬಿಡದೆ.

ಅಜ್ಜಿ ನನ್ನ ಎದೆಗೆ ಎಣ್ಣೆ ತಿಕ್ಕುತ್ತ ಅಂದಳು, "ಸಣ್ಣಾಂವಿದ್ದಾಗ ನಿಮ್ಮಪ್ಪನ ಎಂಜಲಾನೂ ಮುಟ್ತಿದ್ದಿಲ್ಲ ಇಂವ."