ಕೆಂಪು ಬಟ್ಟೆಯ ಗಂಟು

ನಮ್ಮ ಕೆಂಟನ್ ಬಡಾವಣೆಯ ಅಂಗಡಿಯಲ್ಲಿ ಹೊಗೆಸೊಪ್ಪಿನ ವಾಸನೆ ಬಂದರೆ ಈಗಲೂ ಆ ಅಜ್ಜಿ ನೆನಪಾಗುತ್ತಾರೆ. ಕೆನಡಾದ ಮೂಲನಿವಾಸಿ. ತಮ್ಮ ಜನರ ನೆಲದ ಒಪ್ಪಂದದ ಬಗ್ಗೆ ಇಲ್ಲಿನ ಬ್ರಿಟಿಷ್ ಸರ್ಕಾರದ ಜೊತೆ ಮಾತಾಡಲು ಬಂದವರು, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು.

ಒಂದು ಮಧ್ಯಾಹ್ನ ಸರ್ಕಾರಿ ಕಚೇರಿಯಿಂದ ಬೇಗ ಮರಳಿದವರು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಗಂಟನ್ನು ಊಟದ ಮೇಜಿನ ಮೇಲಿಟ್ಟರು. ಅವರ ಜನರಲ್ಲಿ ಅದನ್ನು ಎದುರಿನವರು ಕೈಯಾರೆ ತೆಗೆದುಕೊಂಡ ಮೇಲೆಯೇ ಮಾತು ಶುರು.

“ಕಾವಲಿನವರು ಬಾಗಿಲಲ್ಲೇ ಬಿಚ್ಚಿ ನೋಡಿದರು. ಉಡುಗೊರೆ ತಗೊಳ್ಳೋ ಹಾಗಿಲ್ಲವಂತೆ,” ಅಂದರು.

ನಾನು ತಗೊಳ್ತೀನಿ ಅಂತ ಕೈ ಚಾಚಿದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.

“ಬೇಡ ಪುಟ್ಟಿ. ತಗೊಂಡವರು ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಹತ್ತಿರ ಏನಿದೆ?”

ಅಜ್ಜಿ ಇಸ್ತ್ರಿ ಪೆಟ್ಟಿಗೆ ಕೇಳಿ ಪಡೆದರು. ಕೆಂಪು ಬಟ್ಟೆಯ ಸುಕ್ಕೆಲ್ಲ ತೆಗೆದು, ನಾಳೆಗೆ ಅಂತ ಮತ್ತೆ ಗಂಟು ಕಟ್ಟಿದರು.