ಎರಡು ಗೆರೆಗಳ ನಡುವಿನ ಊರು

ಗ್ಯಾನಮ್ಮ ತಲೆಯ ಮೇಲಿದ್ದ ಮಣ್ಣಿನ ಪುಟ್ಟಿಯನ್ನು ಧೊಪ್ಪನೆ ಕೆಳಗೆ ಹಾಕಿದಳು. "ನನ್ನ ನೆರಳಿಲ್ಲ!" ಅಂದಳು.

ಗುರುಗುಂಟಾದ ಕೆರೆಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಬಂದು ಹೂಳು ತೆಗೆಯುತ್ತಿದ್ದವರೆಲ್ಲ ತಲೆ ಎತ್ತಿದರು. ಮೇ ತಿಂಗಳ ಮೊದಲ ವಾರ, ನಡು ಮಧ್ಯಾಹ್ನ. ಹೊತ್ತು ತಿಳಿಯಲು ಅವರು ದಿನವೂ ಹೂಳಿನಲ್ಲಿ ಒಂದು ಕೋಲು ನೆಡುತ್ತಿದ್ದರು. ನೆರಳು ಬುಡದ ಹತ್ತಿರ ಸರಿದರೆ ಸಲಿಕೆ ಇಡುವ ಹೊತ್ತು. ಲಿಂಗಸುಗೂರಿನ ಬಸ್ಸಿಗೆ ವೇಳೆಯಾಯಿತೇನೋ ಎಂದು ಗ್ಯಾನಮ್ಮ ಕೋಲಿನತ್ತ ನೋಡಿದ್ದಳು. ಅದಕ್ಕೆ ನೆರಳೇ ಇರಲಿಲ್ಲ. ಬಗ್ಗಿ ತನ್ನ ಮಗ್ಗುಲು ನೋಡಿಕೊಂಡಳು. ಅಲ್ಲಿಯೂ ಇರಲಿಲ್ಲ.

"ಲಗೂ ನಡೀರಿ, ಬಸ್ ಬರೋ ಹೊತ್ತಾತು. ಇದು ತಪ್ಪಿದ್ರ ಸಂಜಿಗೇ," ಎಂದ ಅವಳಿಗೆ, ಕೆಲಸ ನೋಡಿಕೊಳ್ಳುವ ಮಲ್ಲೇಶ. ಗ್ಯಾನಮ್ಮನ ಮಗಳು ಭಾರತಿಗೆ ಚೊಚ್ಚಲ ಹೆರಿಗೆ. ಬೆಳಿಗ್ಗೆಯಿಂದ ಲಿಂಗಸುಗೂರಿನ ದವಾಖಾನೆಯಲ್ಲಿ ನೋವು ತಿನ್ನುತ್ತಿದ್ದಳು. ಮಲ್ಲೇಶನ ಫೋನಿಗೆ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ಒಂದೇ ಮಾತು: ಅವ್ವ ಬರಲಿ.

"ನಾ ಹೋಗಂಗಿಲ್ಲ." ಗ್ಯಾನಮ್ಮ ಹೂಳಿನ ಮೇಲೆ ಕುಸಿದು ಕೂತಳು. "ನಮ್ಮತ್ತಿ ಹೇಳ್ತಿದ್ಲು. ನೆರಳು ಬಿಟ್ಟು ಹೋದಾಕಿ ಹೆರಿಗಿ ಆಗೋ ಕಡೆ ಕಾಲಿಟ್ರ ಕೂಸು ಉಳಿಯಂಗಿಲ್ಲ ಅಂತ."

"ನಂದೂ ಇಲ್ಲ ನೋಡಬೇ," ಎಂದ ಮುದುಕ ದುರುಗಪ್ಪ, ತನ್ನ ಸುತ್ತ ಒಂದು ಸುತ್ತು ತಿರುಗಿ. "ಈ ಮಲ್ಲೇಶಂದೂ ಇಲ್ಲ. ಎಲ್ಲಾರೂ ಕೂಡೇ ಸತ್ರ ಹೆಣಾ ಹೊರೋರು ಯಾರು?"

ನಾಲ್ಕು ಜನ ನಕ್ಕರು. ಗ್ಯಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಆಚೆ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ಆಗಲೇ ಸೇರಿದ್ದರು.

ಮಮತಾ ಸಲಿಕೆ ಕೆಳಗಿಟ್ಟಳು. ಹಾಜರಿ ಕೂಗಿದರೆ ಬಾಯಿ ತೆರೆಯದೆ ಕೈ ಮಾತ್ರ ಎತ್ತುವ ಹುಡುಗಿ ಅವಳು. ಕುಡಿಯುವ ನೀರಿನ ಗಡಿಗೆಯನ್ನು ಎತ್ತಿ ತಂದು ಗ್ಯಾನಮ್ಮನ ಮುಂದೆ ಇಟ್ಟು, ಹಸಿ ಹೂಳಿನಲ್ಲಿ ಬೆರಳದ್ದಿ ಅದರ ಹೊಟ್ಟೆಯ ಸುತ್ತ ಒಂದು ಗೆರೆ ಎಳೆದಳು. ಮೇಲೊಂದು, ಕೆಳಗೊಂದು.

"ದೊಡ್ಡವ್ವ, ಇದು ಭೂಮಿ ಅಂತ ತಿಳಕೊ. ನಡುವಿನ ಈ ಗೆರಿ ಭೂಮಧ್ಯರೇಖೆ. ಮ್ಯಾಲಿಂದು ಕರ್ಕಾಟಕ ಸಂಕ್ರಾಂತಿ ವೃತ್ತ. ಕೆಳಗಿಂದು ಮಕರ ಸಂಕ್ರಾಂತಿ ವೃತ್ತ."

"ಯಪ್ಪಾ, ಇಕಿಗೆ ಇಷ್ಟು ಮಾತು ಬರ್ತಾವೇನು!" ಎಂದ ದುರುಗಪ್ಪ.

ಮಮತಾಳ ಮುಖ ಕೆಂಪಾಯಿತು. ಆದರೆ ನಿಲ್ಲಿಸಲಿಲ್ಲ. "ಸೂರ್ಯ ನೆತ್ತಿ ಮ್ಯಾಲೆ ಬರೋದು ಈ ಮ್ಯಾಲಿನ ಗೆರಿ, ಕೆಳಗಿನ ಗೆರಿ ನಡುವ ಇದ್ದೋರಿಗೆ ಅಷ್ಟಾ. ಇದನ್ನ ಮುಟ್ಟಿ ಹೊಳ್ಳತಾನ, ಅದನ್ನ ಮುಟ್ಟಿ ಹೊಳ್ಳತಾನ. ದಾಟಂಗಿಲ್ಲ."

ಗ್ಯಾನಮ್ಮ ಕಣ್ಣೊರೆಸಿಕೊಂಡಳು. "ಈ ಬದುವಿಂದ ಆ ಬದುವಿಗೆ ನೇಗಿಲಾ ಹೊಡದಂಗೇನು?"

"ಹೂಂ, ಹಂಗಾ. ನಾವು ಇಲ್ಲದೀವಿ." ನಡುವಿನ ಗೆರೆಗೂ ಮೇಲಿನದಕ್ಕೂ ಮಧ್ಯೆ ಅವಳೊಂದು ಚುಕ್ಕೆ ಇಟ್ಟಳು. "ಮ್ಯಾಲೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಮ್ಮ ನೆತ್ತಿ ಮ್ಯಾಲೆ ಹಾದು ಹೋಗ್ತಾನ. ಅವತ್ತು ನೆಟ್ಟಗ ನಿಂತಿದ್ದು ಯಾವುದಕ್ಕೂ ಮಗ್ಗಲಿಗೆ ನೆರಳು ಬೀಳಂಗಿಲ್ಲ. ಇವತ್ತು ಹೋಗಾಕತ್ಯಾನ. ಮಳಿಗಾಲದಾಗ ಹೊಳ್ಳಿ ಬರ್ತಾನ. ಆವಾಗ ಮೋಡ ಇರ್ತಾವ, ನಾವು ನೋಡಿರಂಗಿಲ್ಲ."

"ಮತ್ತ ದಿಲ್ಲ್ಯಾಗ?" ಎಂದ ಮಲ್ಲೇಶ.

"ದಿಲ್ಲಿ ಮ್ಯಾಲಿನ ಗೆರಿ ಆಚೆ ಐತ್ರಿ. ಅಲ್ಲಿ ಯಾವತ್ತೂ ನೆತ್ತಿಗೆ ಬರಂಗಿಲ್ಲ."

"ಅಲ್ಲಿ ಅಂಥಾ ದೊಡ್ಡ ದೊಡ್ಡ ಮಂದಿ ಇದ್ರೂ?" ಗ್ಯಾನಮ್ಮ ಕೇಳಿದಳು.

"ಯಾರಿದ್ರೂ ಅಷ್ಟಾ, ದೊಡ್ಡವ್ವ."

ಗ್ಯಾನಮ್ಮ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಲು ಹೋದಳು, ಕಣ್ಣು ಕೋರೈಸಿ ಮುಚ್ಚಿಕೊಂಡಳು. "ಅಷ್ಟು ಮಂದೀನ ಬಿಟ್ಟು ನಮ್ಮ ಗುರುಗುಂಟಾಕ್ಕ ಬಂದಾನ. ಅದೂ ನನ್ನ ಮಗಳು ಹಡಿಯೋ ದಿನಾನ." ಕುಳಿತಲ್ಲೇ ಕೈ ಮುಗಿದಳು. ಆಮೇಲೆ ಮಲ್ಲೇಶನ ಕೈ ಹಿಡಿದು ಎದ್ದಳು. "ಫೋನ್ ಹಚ್ಚೋ ತಮ್ಮಾ. ನಿಮ್ಮವ್ವ ಬರಾಕತ್ಯಾಳ ಅಂತ ಹೇಳು."

ಸೀರೆಯ ಮಣ್ಣು ಕೊಡವಿಕೊಂಡು, ಮಮತಾಳ ಗಲ್ಲ ಸವರಿ, ತನ್ನ ಕಪಾಳಕ್ಕೆ ಬೆರಳು ಒತ್ತಿ ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. "ಯಾರು ಕಲಿಸ್ಯಾರಬೇ ಇದನ್ನ?"

"ಏಳನೇ ಕ್ಲಾಸಿನಾಗ ಅರ್ಜುಮಂದ್ ಟೀಚರು. ಇದನ್ನ ಕಲಿಸಿದ ದಿನಾನ ನಾ ಸಾಲಿಗೆ ಹೋಗಿದ್ದ ಕಡೀ ದಿನ. ಮರುದಿನ ಮನ್ಯಾಗ ಸಾಲಿ ಬಿಡಿಸಿ ಮಸ್ಕಿ ಕಡೆ ಹತ್ತಿ ಆರಿಸಾಕ ಕರಕೊಂಡು ಹೋದ್ರು."

ರಸ್ತೆಯಲ್ಲಿ ಹಾರ್ನ್ ಕೇಳಿತು. ಗ್ಯಾನಮ್ಮ ಕೆರೆಯ ಏರಿ ಹತ್ತಿ ಓಡಿದಳು. ಹಿಂದೆಯೇ ಬಂದ ದುರುಗಪ್ಪ ಟವೆಲ್ ಬೀಸಿ, ಹೊರಟಿದ್ದ ಬಸ್ಸು ನಿಲ್ಲಿಸಿದ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು, ಏನೋ ಹೊಳೆದು, ಕಂಡಕ್ಟರ್ ಬೈಯುತ್ತಿದ್ದರೂ ಕೆರೆಯತ್ತ ತಿರುಗಿ ಕೂಗಿದಳು:

"ನಿಮ್ಮ ಮನಿಯವರು ಒಂದಿನ ಮೊದಲಾ ನಿನ್ನ ಸಾಲಿ ಬಿಡಿಸಿದ್ರ ಇವತ್ತು ನನ್ನ ಮಗಳಿಗೆ ಯಾರಿರ್ತಿದ್ರಬೇ?"